ಸಮುದ್ರ ನೀರಿನ ಅಕ್ವೇರಿಯಂನಲ್ಲಿ ಪಾಚಿ ಕಾಟವೇ? ನೈಟ್ರೇಟ್ ಹತೋಟಿಗೆ ತರುವ ಸರಿಯಾದ ಕ್ರಮ ಇಲ್ಲಿದೆ

ಮನೆಯ ಹಾಲ್‌ನಲ್ಲಿ ಸಮುದ್ರ ನೀರಿನ ರೀಫ್ ಅಕ್ವೇರಿಯಂ ಇಡುವುದು ದುಬಾರಿ ಹವ್ಯಾಸ. ಟ್ಯಾಂಕ್, ಲೈಟ್, ಪಂಪ್, ಸಾಲ್ಟ್ ಎಂದು ಸಾಕಷ್ಟು ಖರ್ಚು ಮಾಡಿದ ಮೇಲೂ ಮೂರ್ನಾಲ್ಕು ತಿಂಗಳಲ್ಲಿ ಕಲ್ಲುಗಳ ಮೇಲೆ ಹಸಿರು ಕೂದಲಿನಂಥ ಪಾಚಿ ಹಬ್ಬಿದರೆ ಬೇಸರವಾಗುವುದು ಸಹಜ. ಹಲವರು ಹವ್ಯಾಸ ಕೈಬಿಡುವುದೂ ಇದೇ ಹಂತದಲ್ಲಿ. ಆದರೆ ಪಾಚಿ ಕಾಯಿಲೆಯಲ್ಲ, ಅದೊಂದು ಲಕ್ಷಣ. ನೀರಿನಲ್ಲಿ ಪೋಷಕಾಂಶ ಹೆಚ್ಚಾಗಿದೆ ಅಥವಾ ಸಮತೋಲನ ತಪ್ಪಿದೆ ಎಂಬುದನ್ನು ಅದು ಹೇಳುತ್ತದೆ. ಕಾರಣ ತಿಳಿದು ನಿಧಾನವಾಗಿ ಸರಿಪಡಿಸಿದರೆ ಬಹುತೇಕ ಟ್ಯಾಂಕ್‌ಗಳು ಚೇತರಿಸಿಕೊಳ್ಳುತ್ತವೆ. ಗಾಬರಿಯಿಂದ ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಿದರೆ ಪಾಚಿಗಿಂತ ಮೊದಲು ಟ್ಯಾಂಕ್‌ನ ಜೀವಿಗಳೇ ಸಾಯಬಹುದು.

ನೈಟ್ರೇಟ್ ಎಲ್ಲಿಂದ ಬರುತ್ತದೆ?

ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಉಂಟಾಗುತ್ತದೆ. ಕಲ್ಲು, ಮರಳಿನ ಮೇಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ಅಮೋನಿಯಾ ಮತ್ತು ನೈಟ್ರೈಟ್‌ಗೆ ಹೋಲಿಸಿದರೆ ನೈಟ್ರೇಟ್ ಮೀನಿಗೆ ಅಷ್ಟು ಅಪಾಯಕಾರಿಯಲ್ಲ. ಆದರೆ ಅದು ಗೊಬ್ಬರವೂ ಹೌದು. ಹೊಲಕ್ಕೆ ಹಾಕುವ ರಸಗೊಬ್ಬರ ಬೆಳೆಗೆ ಮಾಡುವ ಕೆಲಸವನ್ನೇ ಟ್ಯಾಂಕ್‌ನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಪಾಚಿಗೆ ಮಾಡುತ್ತವೆ.

ಸರಂಧ್ರ ಕಲ್ಲಿನ ಒಳಭಾಗದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಅಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಹಾಕುತ್ತವೆ. ಆದರೆ ಮೀನು ಹೆಚ್ಚಾಗಿ, ಆಹಾರವೂ ಹೆಚ್ಚಾದಾಗ ಈ ಸಹಜ ವ್ಯವಸ್ಥೆ ಸಾಲುವುದಿಲ್ಲ.

ಎಷ್ಟಿದ್ದರೆ ಸರಿ?

ಸಹಜ ಹವಳದ ದಿಬ್ಬಗಳ ನೀರಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ 1 ಪಿಪಿಎಂಗಿಂತಲೂ ಕಡಿಮೆ. ಮನೆಯ ಟ್ಯಾಂಕ್‌ಗೆ ಅಷ್ಟು ಕಡಿಮೆ ಬೇಕಿಲ್ಲ. ಅನುಭವಿ ಹವ್ಯಾಸಿಗಳು ಸಾಮಾನ್ಯವಾಗಿ ಪಾಲಿಸುವ ಮಟ್ಟ ಹೀಗಿದೆ:

* ನೈಟ್ರೇಟ್: 2ರಿಂದ 10 ಪಿಪಿಎಂ
* ಫಾಸ್ಫೇಟ್: 0.03ರಿಂದ 0.1 ಪಿಪಿಎಂ
* ಅಮೋನಿಯಾ, ನೈಟ್ರೈಟ್: ಸೊನ್ನೆ
* ಲವಣಾಂಶ: 35 ಪಿಪಿಟಿ
* ಉಷ್ಣಾಂಶ: 24ರಿಂದ 27 ಡಿಗ್ರಿ ಸೆಲ್ಸಿಯಸ್

ನೈಟ್ರೇಟ್ ಸೊನ್ನೆಗೆ ತರುವುದು ಗುರಿಯಾಗಬಾರದು. ಹವಳದ ಅಂಗಾಂಶದೊಳಗೆ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಹವಳಕ್ಕೆ ಬೇಕಾದ ಆಹಾರದ ದೊಡ್ಡ ಪಾಲು ಅದರಿಂದಲೇ ಬರುತ್ತದೆ. ಪೋಷಕಾಂಶ ಪೂರ್ತಿ ಇಲ್ಲವಾದರೆ ಹವಳ ಬಣ್ಣ ಕಳೆದುಕೊಂಡು ಸೊರಗುತ್ತದೆ. ಅತಿಯಾದರೆ ಈ ಸೂಕ್ಷ್ಮ ಪಾಚಿ ದಟ್ಟವಾಗಿ ಹವಳ ಕಂದು ಬಣ್ಣಕ್ಕೆ ತಿರುಗುತ್ತದೆ, ಹೆಚ್ಚಿನ ಫಾಸ್ಫೇಟ್ ಅದರ ಸುಣ್ಣದ ಬೆಳವಣಿಗೆಗೂ ಅಡ್ಡಿಯಾಗುತ್ತದೆ.

ಟೆಸ್ಟ್ ಕಿಟ್ ಓದುವಾಗ ಎರಡು ಎಚ್ಚರಿಕೆ

ಮೊದಲನೆಯದು, ಕೆಲವು ಕಿಟ್‌ಗಳು ನೈಟ್ರೇಟನ್ನು ನೇರವಾಗಿ ತೋರಿಸಿದರೆ, ಇನ್ನು ಕೆಲವು ನೈಟ್ರೇಟ್‌ನಲ್ಲಿರುವ ಸಾರಜನಕವನ್ನು ಮಾತ್ರ ತೋರಿಸುತ್ತವೆ. ಎರಡನೇ ಬಗೆಯ ಅಂಕಿಯನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಪ್ರಮಾಣ ಸಿಗುತ್ತದೆ. ಕಿಟ್‌ನಲ್ಲಿ 10 ಎಂದಿದ್ದರೆ ನಿಜವಾದ ನೈಟ್ರೇಟ್ ಸುಮಾರು 44 ಪಿಪಿಎಂ. ಕಿಟ್ ಜತೆ ಬರುವ ಹಾಳೆಯನ್ನು ಒಮ್ಮೆ ಓದಿ.

ಎರಡನೆಯದು, ಟ್ಯಾಂಕ್ ತುಂಬ ಪಾಚಿ ಇದ್ದರೂ ಕಿಟ್ ಸೊನ್ನೆ ತೋರಿಸಬಹುದು. ಕಿಟ್ ಕೆಟ್ಟಿದೆ ಎಂದಲ್ಲ. ನೀರಿಗೆ ಬಂದ ಪೋಷಕಾಂಶವನ್ನು ಪಾಚಿ ಆಗಿಂದಾಗ್ಗೆ ಹೀರಿಕೊಳ್ಳುತ್ತಿರುತ್ತದೆ. ಹಾಗಾಗಿ ಕಿಟ್‌ನ ಅಂಕಿ ಮತ್ತು ಕಣ್ಣಿಗೆ ಕಾಣುವ ಪಾಚಿ, ಎರಡನ್ನೂ ಸೇರಿಸಿಯೇ ನಿರ್ಧಾರಕ್ಕೆ ಬರಬೇಕು.

ಮೊದಲು ನಲ್ಲಿ ನೀರು ನಿಲ್ಲಿಸಿ

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನದಂಡ ಲೀಟರ್‌ಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಲು ಅವಕಾಶ ಕೊಡುತ್ತದೆ. ಅಂದರೆ ಮನುಷ್ಯರಿಗೆ ಸುರಕ್ಷಿತವಾದ ನೀರು ಹವಳಕ್ಕೆ ಸುರಕ್ಷಿತ ಎಂದೇನೂ ಅಲ್ಲ.

ಒಂದು ಲೆಕ್ಕ ನೋಡಿ. 200 ಲೀಟರ್ ಟ್ಯಾಂಕ್‌ನಿಂದ ದಿನಕ್ಕೆ 3 ಲೀಟರ್ ನೀರು ಆವಿಯಾಗುತ್ತದೆ ಎಂದುಕೊಳ್ಳಿ. ಅದನ್ನು 45 ಮಿಲಿಗ್ರಾಂ ನೈಟ್ರೇಟ್ ಇರುವ ನಲ್ಲಿ ಅಥವಾ ಬೋರ್‌ವೆಲ್ ನೀರಿನಿಂದ ತುಂಬಿದರೆ ದಿನಕ್ಕೆ 135 ಮಿಲಿಗ್ರಾಂ ನೈಟ್ರೇಟ್ ಒಳಗೆ ಹೋಗುತ್ತದೆ. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ಅಲ್ಲೇ ಉಳಿಯುತ್ತದೆ. 30 ದಿನಗಳಲ್ಲಿ ಮೀನಿನ ಪಾಲು ಬಿಟ್ಟೇ ಸುಮಾರು 20 ಪಿಪಿಎಂ ಏರಿಕೆ! ಫಾಸ್ಫೇಟ್, ಸಿಲಿಕೇಟ್ ಕಥೆಯೂ ಇದೇ.

ಇದಕ್ಕೆ ಪರಿಹಾರ ಆರ್‌ಒ ಮತ್ತು ಡಿಐ ಎರಡೂ ಇರುವ ಫಿಲ್ಟರ್. ಅಡುಗೆಮನೆಯ ಆರ್‌ಒ ಯಂತ್ರದ ನೀರು ಸಾಲದು. ರುಚಿಗಾಗಿ ಅನೇಕ ಯಂತ್ರಗಳು ಖನಿಜಾಂಶವನ್ನು ಮತ್ತೆ ಬೆರೆಸುತ್ತವೆ. ಟಿಡಿಎಸ್ ಮೀಟರ್ ಇಟ್ಟು ನೋಡಿ, ಸಾಲ್ಟ್ ಬೆರೆಸುವ ಮೊದಲು ನೀರಿನ ಟಿಡಿಎಸ್ ಸೊನ್ನೆ ಇರಬೇಕು. ಆವಿಯಾದ ನೀರಿನ ಜಾಗಕ್ಕೆ ಈ ಶುದ್ಧ ಸಿಹಿನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ.

ಮುಂಬೈ, ಚೆನ್ನೈನಲ್ಲಿರುವವರಿಗೆ ಬೀಚ್‌ನಿಂದಲೇ ನೀರು ತರುವ ಆಲೋಚನೆ ಬರಬಹುದು. ನಗರದ ದಡದ ನೀರಿನಲ್ಲಿ ಚರಂಡಿ ನೀರು, ಎಣ್ಣೆ ಸೇರಿರುವ ಸಾಧ್ಯತೆ ಹೆಚ್ಚು. ಪಾಚಿ ಸಮಸ್ಯೆ ಇರುವಾಗ ಅದು ಬೇಡ.

ಯಾವ ಪಾಚಿ? ಗುರುತಿಸುವುದು ಹೀಗೆ

* ಕಂದು ಪುಡಿ: ಹೊಸ ಟ್ಯಾಂಕ್‌ನ ಗಾಜು, ಮರಳಿನ ಮೇಲೆ ಬರುವ ಡಯಾಟಮ್. ಸಿಲಿಕೇಟ್ ಮುಗಿದಂತೆ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ.
* ಹಸಿರು ಕೂದಲು ಪಾಚಿ: ನೈಟ್ರೇಟ್, ಫಾಸ್ಫೇಟ್ ಹೆಚ್ಚಿರುವುದರ ಸ್ಪಷ್ಟ ಸೂಚನೆ. ಕೈಯಿಂದ ಕೀಳುವುದೇ ಮೊದಲ ಹೆಜ್ಜೆ.
* ಬ್ರಯಾಪ್ಸಿಸ್: ಸಣ್ಣ ಗರಿಯಂತೆ ಕಾಣುತ್ತದೆ. ಪೋಷಕಾಂಶ ಇಳಿಸಿದ ಮಾತ್ರಕ್ಕೆ ಬೇಗ ಹೋಗುವುದಿಲ್ಲ, ಬಸವನಹುಳುಗಳೂ ಸಾಮಾನ್ಯವಾಗಿ ತಿನ್ನುವುದಿಲ್ಲ.
* ಗುಳ್ಳೆ ಪಾಚಿ: ಹಸಿರು ಮಣಿಗಳಂತಿರುತ್ತದೆ. ಒಡೆಯದೆ, ಬುಡಸಮೇತ ತೆಗೆಯಿರಿ. ಎಮರಾಲ್ಡ್ ಏಡಿ ಇದನ್ನು ತಿನ್ನುತ್ತದೆ.
* ಕೆಂಪು ಲೋಳೆ: ಇದು ನಿಜವಾದ ಪಾಚಿಯಲ್ಲ, ಸೈನೋಬ್ಯಾಕ್ಟೀರಿಯಾ. ನೀರಿನ ಹರಿವು ಕಡಿಮೆ ಇರುವ ಕಡೆ ಹಾಸಿನಂತೆ ಹರಡುತ್ತದೆ. ಸೈಫನ್ ಮಾಡಿ ತೆಗೆದು, ಆ ಜಾಗಕ್ಕೆ ಹರಿವು ಹೆಚ್ಚಿಸಿ.
* ಗಾಳಿಗುಳ್ಳೆ ಸಿಕ್ಕಿಸಿಕೊಂಡ ಕಂದು ಲೋಳೆ: ಡೈನೋಫ್ಲಾಜೆಲೇಟ್ ಇರಬಹುದು. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದ ಟ್ಯಾಂಕ್‌ಗಳಲ್ಲಿ ಇದರ ಕಾಟ ಹೆಚ್ಚು. ಇಲ್ಲಿ ಪೋಷಕಾಂಶವನ್ನು ಇನ್ನಷ್ಟು ಇಳಿಸಿದರೆ ಸಮಸ್ಯೆ ಉಲ್ಬಣಿಸುತ್ತದೆ.
* ಗುಲಾಬಿ, ನೇರಳೆ ಬಣ್ಣದ ಗಟ್ಟಿ ಪದರ: ಕೋರಲೈನ್ ಪಾಚಿ. ಇದು ಆರೋಗ್ಯದ ಲಕ್ಷಣ, ಕಲ್ಲಿನ ಮೇಲೆ ಹಾಗೇ ಬಿಡಿ.

ನೈಟ್ರೇಟ್ ಇಳಿಸುವ ದಾರಿಗಳು

1. ಆಹಾರ ಕಡಿಮೆ ಮಾಡಿ: ಒಂದೆರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಫ್ರೋಜನ್ ಆಹಾರವನ್ನು ಕರಗಿಸಿ, ಜರಡಿಯಲ್ಲಿ ಸೋಸಿ, ಆ ನೀರನ್ನು ಚೆಲ್ಲಿ. ಖರ್ಚಿಲ್ಲದ ಉಪಾಯ ಇದು.

2. ನೀರು ಬದಲಾವಣೆ: 20 ಶೇಕಡಾ ನೀರು ಬದಲಿಸಿದರೆ ನೈಟ್ರೇಟ್ ಕೂಡ 20 ಶೇಕಡಾ ಮಾತ್ರ ಇಳಿಯುತ್ತದೆ. 40 ಪಿಪಿಎಂ ಇದ್ದರೆ ಮೊದಲ ಸಲಕ್ಕೆ 32, ಮುಂದೆ 25.6. ಹೀಗೆ 5ಕ್ಕಿಂತ ಕೆಳಗೆ ಬರಲು 10 ಸಲ ಬದಲಿಸಬೇಕು, ಅದೂ ಈ ಮಧ್ಯೆ ಹೊಸದಾಗಿ ನೈಟ್ರೇಟ್ ಸೇರದಿದ್ದರೆ. ಆದ್ದರಿಂದ ಮೂಲ ಕಾರಣ ಸರಿಪಡಿಸದೆ ನೀರು ಮಾತ್ರ ಬದಲಿಸಿದರೆ ಸಾಲ್ಟ್ ಖರ್ಚಾಗುತ್ತದೆ, ಅಷ್ಟೆ.

3. ಪ್ರೋಟೀನ್ ಸ್ಕಿಮ್ಮರ್: ಸಣ್ಣ ಗಾಳಿಗುಳ್ಳೆಗಳ ನೊರೆಗೆ ಅಂಟಿಕೊಳ್ಳುವ ಜೈವಿಕ ಕಸವನ್ನು, ಅದು ಕೊಳೆತು ನೈಟ್ರೇಟ್ ಆಗುವ ಮೊದಲೇ ಹೊರತೆಗೆಯುತ್ತದೆ. ಕಪ್‌ನ ಕೊಳವೆಯಲ್ಲಿ ಜಿಡ್ಡು ಕಟ್ಟಿದರೆ ಕೆಲಸ ನಿಧಾನವಾಗುತ್ತದೆ, ಆಗಾಗ ಒರೆಸಿ. ಫಿಲ್ಟರ್ ಸಾಕ್, ಸ್ಪಾಂಜ್‌ಗಳನ್ನು ಮೂರ್ನಾಲ್ಕು ದಿನಕ್ಕೊಮ್ಮೆ ತೊಳೆಯಿರಿ. ಅವುಗಳಲ್ಲಿ ನಿಂತ ಕಸ ಟ್ಯಾಂಕ್‌ನೊಳಗೇ ಇದ್ದಂತೆ.

4. ರಿಫ್ಯೂಜಿಯಂ: ಪಾಚಿಯನ್ನು ಪಾಚಿಯಿಂದಲೇ ಸೋಲಿಸುವ ವಿಧಾನ. ಟ್ಯಾಂಕ್‌ನ ಕೆಳಗಿನ ಸಂಪ್‌ನಲ್ಲಿ ಪ್ರತ್ಯೇಕ ಲೈಟ್ ಹಾಕಿ ಕೀಟೋಮಾರ್ಫಾ ಎಂಬ ತಂತಿಯಂಥ ಪಾಚಿ ಬೆಳೆಸಿ. ಬೆಳೆದಂತೆ ಅದು ನೈಟ್ರೇಟ್, ಫಾಸ್ಫೇಟ್ ಹೀರುತ್ತದೆ. ಒಂದಿಷ್ಟನ್ನು ಕತ್ತರಿಸಿ ಹೊರಹಾಕಿದಾಗ ಪೋಷಕಾಂಶವೂ ಹೊರಹೋಗುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಅಡೆ ರೂಪಿಸಿದ ಆಲ್ಗಲ್ ಟರ್ಫ್ ಸ್ಕ್ರಬ್ಬರ್ ಕೂಡ ಇದೇ ತತ್ವದ್ದು.

5. ಕಾರ್ಬನ್ ಡೋಸಿಂಗ್: ವಿನೆಗರ್ ಅಥವಾ ವೋಡ್ಕಾದಂಥ ಇಂಗಾಲದ ಮೂಲವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಬ್ಯಾಕ್ಟೀರಿಯಾ ಹೆಚ್ಚಿ ನೈಟ್ರೇಟ್ ಬಳಸಿಕೊಳ್ಳುತ್ತವೆ, ಅವುಗಳನ್ನು ಸ್ಕಿಮ್ಮರ್ ಹೊರತೆಗೆಯುತ್ತದೆ. ಉತ್ತಮ ಸ್ಕಿಮ್ಮರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಪ್ರಮಾಣ ಹೆಚ್ಚಾದರೆ ನೀರು ಹಾಲಿನಂತಾಗಿ, ಆಮ್ಲಜನಕ ಕುಸಿದು, ರಾತ್ರಿ ಬೆಳಗಾಗುವುದರಲ್ಲಿ ಮೀನು ಸಾಯಬಹುದು. ಹೊಸಬರಿಗೆ ಇದು ಕೊನೆಯ ಆಯ್ಕೆ.

6. ಫಾಸ್ಫೇಟ್ ಮೇಲೂ ಕಣ್ಣಿಡಿ: ಸಮುದ್ರದ ಪ್ಲವಕ ಜೀವಿಗಳಲ್ಲಿ ಸಾರಜನಕ ಮತ್ತು ರಂಜಕ ಸರಾಸರಿ 16ಕ್ಕೆ 1ರ ಅನುಪಾತದಲ್ಲಿರುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಗುರುತಿಸಿದ್ದರು. ಫಾಸ್ಫೇಟ್ ಸೊನ್ನೆಯಾದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನೈಟ್ರೇಟ್ ಇಳಿಯುವುದೂ ನಿಲ್ಲುತ್ತದೆ. ಫಾಸ್ಫೇಟ್ ಹೆಚ್ಚಿದ್ದರೆ ಜಿಎಫ್‌ಒ ಎಂಬ ಕಬ್ಬಿಣದ ಆಕ್ಸೈಡ್ ಹರಳುಗಳನ್ನು ಬಳಸಬಹುದು. ಹೇಳಿದ ಪ್ರಮಾಣದ ಅರ್ಧದಿಂದ ಶುರು ಮಾಡಿ. ಕಲ್ಲು, ಮರಳು ಹೀರಿಟ್ಟುಕೊಂಡ ಫಾಸ್ಫೇಟ್ ನಿಧಾನವಾಗಿ ಹೊರಬರುವುದರಿಂದ ಅಂಕಿ ಇಳಿದು ಮತ್ತೆ ಏರಿದರೆ ಗಾಬರಿ ಬೇಡ.

ಬೆಳಕು, ಹರಿವು ಮತ್ತು ಪಾಚಿ ತಿನ್ನುವ ಜೀವಿಗಳು

ಲೈಟ್ ದಿನಕ್ಕೆ 8ರಿಂದ 10 ಗಂಟೆ ಸಾಕು. ಕಿಟಕಿಯ ನೇರ ಬಿಸಿಲು ಪಾಚಿಯನ್ನೂ, ನೀರಿನ ಉಷ್ಣಾಂಶವನ್ನೂ ಹೆಚ್ಚಿಸುತ್ತದೆ. ಚೆನ್ನೈ, ದೆಹಲಿಯ ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ನಿಭಾಯಿಸುವುದು ಕಷ್ಟ. ಪಂಪ್‌ಗಳು ಗಂಟೆಗೆ ಟ್ಯಾಂಕ್ ನೀರಿನ ಸುಮಾರು 20 ಪಟ್ಟು ನೀರನ್ನು ಚಲಿಸುವಂತಿರಲಿ.

ಟ್ರೋಕಸ್, ಟರ್ಬೊ ಬಸವನಹುಳು, ಹರ್ಮಿಟ್ ಏಡಿ, ಲಾನ್‌ಮೋವರ್ ಬ್ಲೆನಿ, ದೊಡ್ಡ ಟ್ಯಾಂಕ್‌ಗಳಲ್ಲಿ ಟ್ಯಾಂಗ್ ಮೀನುಗಳು ಪಾಚಿ ತಿನ್ನುತ್ತವೆ. ಆದರೆ ಅವು ಎಳೆಯ ಪಾಚಿಯನ್ನು ಇಷ್ಟಪಡುತ್ತವೆ. ಉದ್ದ ಬೆಳೆದುದನ್ನು ನೀವೇ ಕಿತ್ತು ಕೊಡಬೇಕು. ಒಂದೇ ಸಲಕ್ಕೆ ಹತ್ತಾರು ಬಸವನಹುಳು ಬಿಟ್ಟರೆ, ಪಾಚಿ ಮುಗಿದ ಮೇಲೆ ಅವು ಹಸಿವಿನಿಂದ ಸತ್ತು ಮತ್ತೆ ನೈಟ್ರೇಟ್ ಹೆಚ್ಚಿಸುತ್ತವೆ.

ಈ ತಪ್ಪುಗಳನ್ನು ಮಾಡಲೇಬೇಡಿ

* ಪಾಚಿ ಸಾಯಿಸಲು ಟ್ಯಾಂಕ್‌ನ ಕಲ್ಲನ್ನು ಕುದಿಸಬೇಡಿ. ಅದರ ಮೇಲೆ ಪ್ಯಾಲಿಥೋವಾ ಅಥವಾ ಜೋವಾಂಥಸ್ ಇದ್ದರೆ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷ ಹಬೆಯೊಂದಿಗೆ ಗಾಳಿಗೆ ಸೇರಬಹುದು. ಹೀಗೆ ಮಾಡಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಕಲ್ಲು ಉಜ್ಜುವಾಗ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ.
* ಮೆಡಿಕಲ್ ಶಾಪ್‌ನ ಆ್ಯಂಟಿಬಯಾಟಿಕ್ ಮಾತ್ರೆ ತಂದು ನೀರಿಗೆ ಸುರಿಯಬೇಡಿ. ಟ್ಯಾಂಕನ್ನು ಉಳಿಸುವ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು.
* ಎಲ್ಲ ಕಲ್ಲು, ಮರಳು, ಫಿಲ್ಟರ್ ಒಂದೇ ದಿನ ತೊಳೆಯಬೇಡಿ.
* ಕತ್ತರಿಸಿದ ಪಾಚಿಯನ್ನು ಸಮುದ್ರಕ್ಕೆ, ಚರಂಡಿಗೆ ಎಸೆಯಬೇಡಿ, ಒಣಗಿಸಿ ಕಸಕ್ಕೆ ಹಾಕಿ. ಅಕ್ವೇರಿಯಂಗಳಲ್ಲಿ ಬಳಸುವ ಕಾಲರ್ಪಾ ಟ್ಯಾಕ್ಸಿಫೋಲಿಯಾ ಪಾಚಿ 1984ರಲ್ಲಿ ಮೊನಾಕೊ ಬಳಿ ಸಮುದ್ರದಲ್ಲಿ ಕಾಣಿಸಿಕೊಂಡು, ಬಳಿಕ ಮೆಡಿಟರೇನಿಯನ್‌ನ ಹಲವೆಡೆ ಹಬ್ಬಿತು.

ಹವಳ ಕೊಳ್ಳುವ ಮೊದಲು ಕಾನೂನು ತಿಳಿಯಿರಿ

ಪಾಚಿ ಹಿಡಿದ ಕಲ್ಲನ್ನು ಎಸೆದು ಹೊಸ ಲೈವ್ ರಾಕ್ ತರುವ ಯೋಚನೆ ಇದ್ದರೆ ಇದನ್ನು ಓದಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಸೀ ಫ್ಯಾನ್ ಮತ್ತು ಸಮುದ್ರ ಕುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ-1972ರ ಶೆಡ್ಯೂಲ್ 1ಕ್ಕೆ ಸೇರಿಸಲಾಗಿದೆ. ಹುಲಿ, ಆನೆಗಳಿರುವುದೂ ಇದೇ ಪಟ್ಟಿಯಲ್ಲಿ. ಮನ್ನಾರ್ ಕೊಲ್ಲಿಯಿರಲಿ, ಮುರ್ಡೇಶ್ವರ ಬಳಿಯ ನೇತ್ರಾಣಿಯಿರಲಿ, ಅಲ್ಲಿಂದ ಹವಳ ಕೀಳುವುದು, ಮಾರುವುದು, ಇಟ್ಟುಕೊಳ್ಳುವುದು ಜೈಲು ಶಿಕ್ಷೆಗೆ ದಾರಿ. ಸತ್ತ ಹವಳದ ಕಲ್ಲಿನ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಅಂಗಡಿಯವರು ಬಿಲ್, ದಾಖಲೆ ಕೊಡದಿದ್ದರೆ ಕೊಳ್ಳಬೇಡಿ. ಮನುಷ್ಯ ನಿರ್ಮಿತ ಸೆರಾಮಿಕ್ ಅಥವಾ ಸಿಮೆಂಟ್ ರೀಫ್ ರಾಕ್ ಬಳಸಬಹುದು. ಅದರ ಮೇಲೂ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ.

ವಾರದ ಕೆಲಸದ ಪಟ್ಟಿ

* ಪ್ರತಿದಿನ: ಉಷ್ಣಾಂಶ ನೋಡಿ, ಆವಿಯಾದಷ್ಟು ಡಿಐ ನೀರು ತುಂಬಿ, ಮಿತ ಆಹಾರ ಹಾಕಿ.
* ವಾರಕ್ಕೆ ಎರಡು ಸಲ: ಫಿಲ್ಟರ್ ಸಾಕ್ ತೊಳೆಯಿರಿ, ಸ್ಕಿಮ್ಮರ್ ಕಪ್ ಖಾಲಿ ಮಾಡಿ.
* ವಾರಕ್ಕೊಮ್ಮೆ: ನೈಟ್ರೇಟ್, ಫಾಸ್ಫೇಟ್, ಲವಣಾಂಶ ಪರೀಕ್ಷಿಸಿ ಬರೆದಿಡಿ. ಪಾಚಿ ಕಿತ್ತು, ಸೈಫನ್ ಮಾಡಿ, 10 ಶೇಕಡಾ ನೀರು ಬದಲಿಸಿ.
* ತಿಂಗಳಿಗೊಮ್ಮೆ: ಆರ್‌ಒ, ಡಿಐ ನೀರಿನ ಟಿಡಿಎಸ್ ನೋಡಿ, ಪಂಪ್ ಸ್ವಚ್ಛಗೊಳಿಸಿ, ರಿಫ್ಯೂಜಿಯಂನ ಪಾಚಿ ಕತ್ತರಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾದು ಅಂಕಿ ನೋಡಿ, ನಂತರ ಮುಂದಿನ ಹೆಜ್ಜೆ ಇಡಿ. ಕೂದಲು ಪಾಚಿ ಪೂರ್ತಿ ಹತೋಟಿಗೆ ಬರಲು ಎರಡು, ಮೂರು ತಿಂಗಳು ಬೇಕಾಗಬಹುದು. ಬರೆದಿಟ್ಟ ಅಂಕಿಗಳಲ್ಲಿ ನೈಟ್ರೇಟ್ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಪಾಚಿ ಇನ್ನೂ ಕಾಣುತ್ತಿದ್ದರೂ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ.