ಕುಸನೂರಿನಲ್ಲಿ ನೀಲಗಿರಿ ಕಿತ್ತವರು

1987ರ ನವೆಂಬರ್ 14. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು, ರೈತರು, ಕೂಲಿಕಾರರು ಒಟ್ಟಾಗಿ ನೀಲಗಿರಿ ನೆಡುತೋಪಿನತ್ತ ಮೆರವಣಿಗೆ ಹೊರಟರು. ಸುಮಾರು ನೂರು ಸಸಿಗಳನ್ನು ಕಿತ್ತು, ಹಣ್ಣು, ಮೇವು, ಸೌದೆ ಕೊಡುವ ಗಿಡಗಳನ್ನು ಹಚ್ಚಿದರು. ಕಾನೂನು ಮುರಿಯುತ್ತಿದ್ದೇವೆಂದು ಗೊತ್ತಿದ್ದೂ ಹಾಡಹಗಲೇ ಮಾಡಿದ ಕೆಲಸ ಅದು. ಜನ ಅದನ್ನು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹವೆಂದು ಕರೆದರು.

ಈ ಜಗಳದ ಬೇರು 1984ರ ಸರ್ಕಾರಿ ತೀರ್ಮಾನವೊಂದರಲ್ಲಿತ್ತು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ರೇಯಾನ್ ತಿರುಳು ತಯಾರಿಸಲು ಮರ ಬೇಕಿತ್ತು. ಅದನ್ನು ಬೆಳೆಯಲೆಂದೇ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಆಗಿನ ಧಾರವಾಡ ಜಿಲ್ಲೆ ಹಾಗೂ ಮಲೆನಾಡಿನ ಜಿಲ್ಲೆಗಳಲ್ಲಿ 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ಒಪ್ಪಿಸುವ ಯೋಜನೆ ಸಿದ್ಧವಾಯಿತು.

ಕಡತದಲ್ಲಿ ಅದು ‘ಸಿ ಮತ್ತು ಡಿ ದರ್ಜೆ’ಯ ಜಮೀನು. ಊರಿನವರಿಗೆ ಅದೇ ದನ ಮೇಯುವ ಜಾಗ, ಒಲೆಗೆ ಪುಳ್ಳೆ ಆರಿಸುವ ಜಾಗ, ಹೊಲಕ್ಕೆ ಸೊಪ್ಪು, ಮಾಡಿಗೆ ಹುಲ್ಲು ತರುವ ಜಾಗ. ಸ್ವಂತ ಹೊಲವಿದ್ದವರು ಹೇಗೋ ಸುಧಾರಿಸಿಕೊಂಡಾರು. ಎರಡು ಆಡು, ಒಂದು ಎಮ್ಮೆ ಕಟ್ಟಿಕೊಂಡ ಭೂಹೀನರಿಗೆ ಬೇರೆ ದಾರಿಯಿರಲಿಲ್ಲ. ನೀಲಗಿರಿ ಎಲೆಯನ್ನು ದನವೂ ಮೂಸುವುದಿಲ್ಲ.

ಜನರ ಜತೆ ನಿಂತದ್ದು ಎಸ್.ಆರ್. ಹಿರೇಮಠರ ಮುಂದಾಳತ್ವದ ಸಮಾಜ ಪರಿವರ್ತನ ಸಮುದಾಯ. ಅಮೆರಿಕದಿಂದ ಮರಳಿ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ನೆಲೆನಿಂತು ಗ್ರಾಮಾಭಿವೃದ್ಧಿಯ ಕೆಲಸ ಮಾಡಿದವರು ಹಿರೇಮಠರು. ಇದೇ ಕಾರ್ಖಾನೆಯಿಂದ ತುಂಗಭದ್ರೆ ಕೆಡುತ್ತಿರುವುದರ ವಿರುದ್ಧ ಸಮುದಾಯ ಅದಾಗಲೇ ದನಿಯೆತ್ತಿತ್ತು. ಕಾರ್ಯಕರ್ತರು ಹಳ್ಳಿ ಹಳ್ಳಿ ಸುತ್ತಿ ಸರ್ಕಾರಿ ಆದೇಶದಲ್ಲಿ ಏನಿದೆಯೆಂದು ತಿಳಿಸಿದರು, ಸಹಿ ಸಂಗ್ರಹಿಸಿದರು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು.

ತಡೆಯಾಜ್ಞೆ ಬಂದರೂ ಜಮೀನು ಊರಿಗೆ ಮರಳಲಿಲ್ಲ. ಕುಸನೂರಿನ ಸತ್ಯಾಗ್ರಹ ನಡೆದದ್ದು ಅದಕ್ಕೇ.

1983ರಲ್ಲಿ ಶಿರಸಿಯ ಸಲಕಣಿಯಲ್ಲಿ ಮರ ಅಪ್ಪಿಕೊಂಡವರು ಕಾಡು ಉಳಿಸಲು ಹೊರಟಿದ್ದರು. ನಾಲ್ಕು ವರ್ಷಗಳ ನಂತರ ಕುಸನೂರಿನವರು ಕೇಳಿದ್ದು ಅದಕ್ಕೂ ಮುಂದಿನ ಪ್ರಶ್ನೆ: ಊರೊಟ್ಟಿನ ನೆಲದಲ್ಲಿ ಏನು ಬೆಳೆಯಬೇಕೆಂದು ನಿರ್ಧರಿಸುವವರು ಯಾರು? ಕೋರ್ಟಿನ ವಾದ, ಸಹಿಯ ಹಾಳೆ, ಗಿಡ ಹಚ್ಚುವ ಕೈ ಮೂರೂ ಕೂಡಿದ್ದರಿಂದಲೇ ಆ ಪ್ರಶ್ನೆಗೆ ಬಲ ಬಂತು. ಬರೀ ದಾವೆಯಾಗಿದ್ದರೆ ಅದು ವಕೀಲರ ಕೈಯಲ್ಲೇ ಉಳಿಯುತ್ತಿತ್ತು. ಬರೀ ಮೆರವಣಿಗೆಯಾಗಿದ್ದರೆ ಒಂದು ದಿನದ ಸುದ್ದಿಯಾಗಿ ಮುಗಿಯುತ್ತಿತ್ತು.

1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಮುಚ್ಚಿತು. ಸರ್ಕಾರವೇ ಪಾಲುದಾರನಾಗಿದ್ದ ಕಂಪನಿಯನ್ನು ಹಳ್ಳಿಗರು ಅಹಿಂಸೆಯಿಂದ ಹಿಮ್ಮೆಟ್ಟಿಸಿದ್ದರು.

ಗೋಮಾಳ, ಹುಲ್ಲುಬನ್ನಿಗಳ ಮೇಲಿನ ಕಣ್ಣು ಇಂದಿಗೂ ತಪ್ಪಿಲ್ಲ. ಓದುಗರು ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ತಮ್ಮೂರಿನ ಗೋಮಾಳದ ಸರ್ವೆ ನಂಬರು ಯಾವುದು, ಎಷ್ಟು ಎಕರೆ ಉಳಿದಿದೆ ಎಂದು ಕೇಳಬೇಕು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.