ಅಂಜನೆಯ ಕಥೆಯಲ್ಲಿ ಮಾನಕಷಾಯ

ಜೈನ ಕಥಾಸಾಹಿತ್ಯದಲ್ಲಿ ಪ್ರಣಯಿಗಳನ್ನು ಅಗಲಿಸುವ ಕಾರಣಗಳು ಬಹುಮಟ್ಟಿಗೆ ಹೊರಗಿನವು: ವಿದ್ಯಾಧರರ ಅಪಹರಣ, ಸವತಿಮತ್ಸರ, ಜಾತಿಸ್ಮರಣದ ವಿಳಂಬ. ಅಂಜನಾ–ಪವನಂಜಯರ ವೃತ್ತಾಂತ ಇದಕ್ಕೆ ಹೊರತಾದುದು. ಇಲ್ಲಿ ಹಿರಿಯರ ಒಪ್ಪಿಗೆಯಿದೆ, ಅನುರಾಗವೂ ಇದೆ. ಅಡ್ಡ ನಿಂತದ್ದು ನಾಯಕನ ಮಾನವೊಂದೇ.

ವೀರನಿರ್ವಾಣದ 1203 ವರ್ಷ ಆರು ತಿಂಗಳ ತರುವಾಯ ರಚಿತವಾದುದೆಂದು ತಾನೇ ಹೇಳಿಕೊಳ್ಳುವ ರವಿಷೇಣಾಚಾರ್ಯರ ಪದ್ಮಚರಿತದಲ್ಲಿ ಈ ಕಥೆ ವಿಸ್ತಾರವಾಗಿದೆ. ಅದನ್ನು ಆಧರಿಸಿ 13ನೆಯ ಶತಮಾನದಲ್ಲಿ ಶಿಶುಮಾಯಣನು ಕನ್ನಡದಲ್ಲಿ ಅಂಜನಾಚರಿತೆಯನ್ನು ರಚಿಸಿದನು. ಸಾಂಗತ್ಯದಲ್ಲಿ ದೊರೆಯುವ ಮೊದಮೊದಲ ಕೃತಿಗಳಲ್ಲಿ ಅದೊಂದು. ಹಸ್ತಿಮಲ್ಲನು ಇದೇ ವಸ್ತುವನ್ನು ಸಂಸ್ಕೃತ ನಾಟಕವಾಗಿಸಿದನು.

ವಿವಾಹಕ್ಕೆ ಇನ್ನು ಮೂರೇ ದಿನಗಳಿರಲು, ಅಷ್ಟನ್ನೂ ಸೈರಿಸಲಾರದೆ ಪವನಂಜಯನು ಗೆಳೆಯ ಪ್ರಹಸಿತನೊಡನೆ ಇರುಳಿನಲ್ಲಿ ಕನ್ಯೆಯನ್ನು ಕಾಣಲು ಹೋಗುತ್ತಾನೆ. ಸಖಿ ಮಿಶ್ರಕೇಶಿ ಅವನನ್ನು ಹಳಿದು ವಿದ್ಯುತ್ಪ್ರಭನನ್ನು ಹೊಗಳುತ್ತಾಳೆ. ಅಂಜನೆ ಮಾತಾಡುವುದಿಲ್ಲ. ಆ ಮೌನವನ್ನು ಲಜ್ಜೆಯೆಂದು ತಿಳಿಯದೆ ಸಮ್ಮತಿಯೆಂದು ತಿಳಿದ ಅವನು ಕತ್ತಿ ಹಿರಿಯುತ್ತಾನೆ, ಗೆಳೆಯ ತಡೆಯುತ್ತಾನೆ. ಬಳಿಕ ಅವನು ಕೈಗೊಂಡ ನಿಶ್ಚಯ ಕತ್ತಿಗಿಂತ ಕ್ರೂರವಾದುದು: ಮದುವೆಯಾಗಿ ತೊರೆಯುವುದು. ಇಪ್ಪತ್ತೆರಡು ವರ್ಷ ಅವನು ಅವಳ ಮುಖ ನೋಡಲಿಲ್ಲ. ವರುಣನ ಮೇಲಣ ಯುದ್ಧಕ್ಕೆ ಹೊರಟಾಗ, ಕಂಬಕ್ಕೊರಗಿ ನಿಂತಿದ್ದವಳನ್ನು ಕಟುನುಡಿಯಿಂದ ನಿರಾಕರಿಸಿದ. ಅಂದು ಮಾನಸಸರೋವರದ ತಡಿಯಲ್ಲಿ, ಇನಿಯನನ್ನಗಲಿ ಹಂಬಲಿಸುವ ಚಕ್ರವಾಕಿಯನ್ನು ಕಂಡಾಗಲೇ ಅವನ ಮನ ಮುರಿದದ್ದು. ಆ ರಾತ್ರಿಯೇ ಗುಟ್ಟಾಗಿ ಮರಳಿದನು. ಆ ಗುಟ್ಟೇ ಮುಂದೆ ಗರ್ಭಿಣಿಯಾದ ಅಂಜನೆಯನ್ನು ಅತ್ತೆ ಕೇತುಮತಿ ಮನೆಯಿಂದ ಹೊರಡಿಸಲು ಕಾರಣವಾಯಿತು.

ಆಲಂಕಾರಿಕರು ಮಾನವನ್ನು ವಿಪ್ರಲಂಭದ ಒಂದು ಭೇದವಾಗಿ ಎಣಿಸುತ್ತಾರೆ. ಅದು ಸಾಮಾನ್ಯವಾಗಿ ನಾಯಿಕೆಯದು, ಅನುನಯಕ್ಕೆ ಕರಗುವಂಥದು. ಕರ್ಮಶಾಸ್ತ್ರದ ಮಾನವೇ ಬೇರೆ. ಅಲ್ಲಿ ಮಾನವು ಕಷಾಯ, ರತಿ ಮತ್ತು ವೇದಗಳು ನೋಕಷಾಯಗಳು. ಎಲ್ಲವೂ ಚಾರಿತ್ರಮೋಹನೀಯದ ಮಕ್ಕಳೇ. ಆದಕಾರಣ ಜೈನಕವಿಗೆ ಮಾನ ಮತ್ತು ಪ್ರಣಯಗಳು ಹುಟ್ಟುಶತ್ರುಗಳಲ್ಲ, ದಾಯಾದಿಗಳು.

ಗೊಮ್ಮಟಸಾರವು ಮಾನಕ್ಕೆ ಶಿಲೆ, ಎಲುಬು, ಮರ, ಬೆತ್ತಗಳ ಉಪಮೆಯನ್ನು ಕೊಡುತ್ತದೆ. ಕಷಾಯದ ವಾಸನೆ ಆರು ತಿಂಗಳನ್ನು ಮೀರಿದರೆ ಅದು ಅನಂತಾನುಬಂಧಿ ಎನ್ನುತ್ತದೆ. ಈ ಲೆಕ್ಕದಂತೆ ಪವನಂಜಯನ ಮಾನ ಶಿಲಾಸದೃಶವೆನ್ನಬೇಕಾಗುತ್ತದೆ. ಹಾಗಾದರೆ ಶಿಲೆ ಒಂದು ಹಕ್ಕಿಯ ಕೂಗಿಗೆ ಬಾಗಿತೆ? ವಾಸನಾಕಾಲವೆಂಬುದು ಉದಯವಿಲ್ಲದಾಗಲೂ ಉಳಿಯುವ ಸಂಸ್ಕಾರದ ಅವಧಿ. ಇಲ್ಲಿಯಾದರೋ, ತೊರೆದ ಹೆಂಡತಿ ಮನೆಯಲ್ಲಿಯೇ ಇದ್ದು, ಅವಳ ಇರವೇ ದಿನದಿನವೂ ಹೊಸ ಉದಯಕ್ಕೆ ನಿಮಿತ್ತವಾಗುತ್ತಿತ್ತು. ವರ್ಷಗಳನ್ನು ಎಣಿಸಿ ಅನಂತಾನುಬಂಧಿಯೆಂದು ತೀರ್ಮಾನಿಸುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ. ಬೀಡು ಬಿಟ್ಟು ಅವಳಿಂದ ದೂರವಾದ ಮೊದಲ ಸಂಜೆಯೇ ಅವನು ಕರಗಿದನೆಂಬುದು ಗಮನಾರ್ಹ.

ಅಂಜನೆಯ ಭವಾವಳಿಯಲ್ಲೂ ಇದೇ ದೋಷವಿದೆ. ಪೂರ್ವಜನ್ಮದಲ್ಲಿ ಕನಕೋದರಿಯಾಗಿದ್ದ ಅವಳು ಪಟ್ಟದರಸಿಯೆಂಬ ಗರ್ವದಿಂದ ಸವತಿಯ ಮೇಲೆ ಮುನಿದು ಜಿನಬಿಂಬವನ್ನು ಹೊರಗಿಡಿಸಿದ್ದಳು. ಸಂಯಮಶ್ರೀ ಆರ್ಯಿಕೆಯ ಬೋಧೆಯಿಂದ ತಿದ್ದಿಕೊಂಡಳು. ಗಂಡನ ಮಾನವನ್ನು ಅನುಭವಿಸಿದವಳು ಹಿಂದೆ ತಾನೇ ಮಾನಿನಿಯಾಗಿದ್ದವಳು.

ಮಂಗಳೂರಿನಿಂದ ಬಿಕರ್ನಕಟ್ಟೆ, ಗುರುಪುರಗಳ ಮೇಲೆ ಹಾದು ಮೂಡುಬಿದಿರೆಯ ಶಾಸ್ತ್ರಭಂಡಾರಗಳಿಗೆ ಹೋಗುವ ಅಭ್ಯಾಸಿಗಳು, ಸಾಂಗತ್ಯದ ಓಲೆಗಳಲ್ಲಿ ‘ಮಾನ’ ಎಂದಿರುವೆಡೆಯಲ್ಲೆಲ್ಲ ಅದು ಪ್ರಣಯಮಾನವೋ ಕಷಾಯವೋ ಎಂದು ಗುರುತಿಸಿಕೊಂಡು ಬಂದರೆ ನಿಘಂಟುಕಾರರಿಗೂ ಉಪಕಾರವಾದೀತು.