ಅಗುಳಿಯೂ ಬೀಗವೂ

ನಮ್ಮ ತಾತನ ಮನೆಯ ತಲೆಬಾಗಿಲಿನ ಹಿಂದೆ, ಎಡಗಡೆಯ ಗೋಡೆಯಲ್ಲಿ, ಚೌಕನಾದ ಒಂದು ಪೊಟರೆಯಿದ್ದಿತು. ಹಗಲೆಲ್ಲ ಅದರೊಳಗೆ ಹಲಸಿನ ಮರದ ಒಂದು ದಪ್ಪನೆಯ ಅಗುಳಿ ಮಲಗಿರುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದು ಅದರ ತುದಿಗೆ ಜಡಿದ ಕಬ್ಬಿಣದ ಬಳೆಯೊಂದೇ. ದೀಪ ಹಚ್ಚಿ, ದನಗಳು ಕೊಟ್ಟಿಗೆ ಸೇರಿ, ಊಟಗಳು ಮುಗಿದು, ನಡುಮನೆಯಲ್ಲಿ ಹಾಸಿಗೆಗಳು ಬಿದ್ದ ಮೇಲೆ, ಹಿರಿಯರೊಬ್ಬರು ಬಂದು ಆ ಬಳೆಯನ್ನು ಹಿಡಿದೆಳೆದರೆ, ಅಗುಳಿಯು ಗುಡುಗಿನಂಥ ಒಂದು ಸದ್ದಿನೊಡನೆ ಗೋಡೆಯ ಗರ್ಭದಿಂದ ಹೊರಬಂದು, ಕದಗಳೆರಡನ್ನೂ ಅಡ್ಡಗಟ್ಟಿ, ಎದುರುಗೋಡೆಯ ಗುಳಿಯಲ್ಲಿ ಹೋಗಿ ಕೂರುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಮಕ್ಕಳಾದ ನಮಗೆ ನಿದ್ದೆ. ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದನ್ನು ನನ್ನ ಬಾಲ್ಯದಲ್ಲಿ ನಾನು ನೋಡಿದ ನೆನಪಿಲ್ಲ. ಮದುವೆಗೆಂದು ಮನೆಮಂದಿಯೆಲ್ಲ ಗಾಡಿಯೇರಿ ಹೊರಟಾಗಲೂ ಅಜ್ಜಿಯೊಬ್ಬಳೋ, ಮೈ ನೆಟ್ಟಗಿಲ್ಲದ ಚಿಕ್ಕಪ್ಪನೋ, ಕೊಟ್ಟಿಗೆಯ ಆಳೋ, ಯಾರಾದರೊಬ್ಬರು ಮನೆಯಲ್ಲಿ ಉಳಿಯುತ್ತಿದ್ದರು. ಮನೆಯೆಂದರೆ ಜನವಿರತಕ್ಕ ಸ್ಥಳ. ಜನವಿಲ್ಲದ ಮನೆಗೆ ಏನು ಮಾಡಬೇಕೆಂಬ ಪ್ರಶ್ನೆಯೇ ಆ ಬಾಗಿಲನ್ನು ಮಾಡಿದ ಬಡಗಿಗೆ ಎದುರಾಗಿರಲಿಲ್ಲ.

ಅಗುಳಿಗೂ ಬೀಗಕ್ಕೂ ಇರುವ ಭೇದವನ್ನು ನಾನು ಬಹುಕಾಲ ಗಮನಿಸಿರಲಿಲ್ಲ. ಅಗುಳಿಯು ಒಳಗಿರುವವರ ಉಪಕರಣ, ಬೀಗವು ಹೊರಗೆ ಹೋದವರ ಉಪಕರಣ. ಈ ಎರಡರ ನಡುವಣ ದೂರವನ್ನು ನಮ್ಮ ಜನ ಹೇಗೆ ಕ್ರಮಿಸಿದರೆಂಬುದೇ ಮನೆಬಾಗಿಲಿನ ರಕ್ಷಣೆಯ ಚರಿತ್ರೆಯೆಂದು ಈಗ ನನಗೆ ತೋರುತ್ತದೆ.

ಸಂಸ್ಕೃತದಲ್ಲಿ ಅಗುಳಿಗೆ ಅರ್ಗಲವೆಂದೂ, ಕೋಟೆಬಾಗಿಲಿನ ಮಹಾರ್ಗಲಕ್ಕೆ ಪರಿಘವೆಂದೂ ಹೆಸರು. ವೀರನ ತೋಳುಗಳನ್ನು ವರ್ಣಿಸಬೇಕಾದಾಗ ಕವಿಗಳಿಗೆ ಮೊದಲು ನೆನಪಾಗುತ್ತಿದ್ದುದು ಈ ಪರಿಘ. ಕಾಳಿದಾಸನು ದುಷ್ಯಂತನ ಬಾಹುಗಳನ್ನು ನಗರದ್ವಾರದ ಪರಿಘಕ್ಕೆ ಹೋಲಿಸಿರುವುದು ಸಹೃದಯರಿಗೆ ತಿಳಿದುದೇ. ದುರ್ಗಾಸಪ್ತಶತಿಯನ್ನು ಪಾರಾಯಣ ಮಾಡುವವರು ಮೊದಲು ಕವಚ, ಅರ್ಗಲಾ, ಕೀಲಕಗಳೆಂಬ ಮೂರು ಸ್ತೋತ್ರಗಳನ್ನು ಪಠಿಸುವುದುಂಟು; ಮೈಗೆ ತೊಡುವ ರಕ್ಷೆ, ಬಾಗಿಲಿಗೆ ಇಡುವ ಅಗುಳಿ, ಅಗುಳಿಯನ್ನು ಬಿಗಿಯುವ ಕೀಲು ಎಂಬೀ ಗೃಹಕೃತ್ಯದ ಮಾತುಗಳು ಹೀಗೆ ದೇವತಾರಾಧನೆಯೊಳಕ್ಕೂ ಪ್ರವೇಶಿಸಿವೆ. ಧಾರವಾಡದ ಕಡೆಯವರು ಬಾಗಿಲಿಗೆ ಕೀಲಿ ಹಾಕುತ್ತಾರೆ, ಮೈಸೂರಿನ ಕಡೆಯವರು ಬೀಗ ಹಾಕುತ್ತಾರೆ. ಒಬ್ಬರಿಗೆ ಅದನ್ನು ತೆರೆಯುವುದು ಕೀಲಿಕೈ, ಇನ್ನೊಬ್ಬರಿಗೆ ಬೀಗದ ಕೈ. ಕಬ್ಬಿಣದ ಆ ಚಿಕ್ಕ ತುಂಡನ್ನು ‘ಕೈ’ ಎಂದು ಕರೆದುದರಲ್ಲಿ ಕನ್ನಡಿಗರು ಸಮ್ಮತರಾಗಿರುವುದು ನನಗೆ ಬಹು ಪ್ರಿಯವಾದ ವಿಷಯ. ಮನೆಯಲ್ಲಿ ಉಳಿದು ಅಗುಳಿ ಎಳೆಯಬೇಕಾಗಿದ್ದ ಕೈಯೇ ಬೇರ್ಪಟ್ಟು ಯಜಮಾನನೊಡನೆ ಪ್ರಯಾಣಕ್ಕೆ ಹೊರಟಂತೆ ಅದು ನನಗೆ ಕಾಣುತ್ತದೆ.

ಹಿಂದಿನ ಕಳ್ಳನಿಗೆ ಬಾಗಿಲಿನ ಗೊಡವೆ ಅಷ್ಟಾಗಿ ಇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು. ಅವನ ಮಾರ್ಗ ಗೋಡೆ. ಕನ್ನ ಕೊರೆಯುವುದು, ಕನ್ನ ಹಾಕುವುದು, ಕನ್ನಗಳ್ಳ ಎಂಬೀ ನುಡಿಗಳೆಲ್ಲ ಗೋಡೆಯ ರಂಧ್ರದಿಂದಲೇ ಹುಟ್ಟಿದುವು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನವಿಕ್ಕುವ ಪ್ರಕರಣವು ಈ ವಿದ್ಯೆಯ ಸಾಂಗೋಪಾಂಗವಾದ ನಿರೂಪಣೆಯಾಗಿದೆ. ಸುಟ್ಟ ಇಟ್ಟಿಗೆಯಾದರೆ ಕೀಳಬೇಕು, ಹಸಿ ಇಟ್ಟಿಗೆಯಾದರೆ ಕತ್ತರಿಸಬೇಕು, ಮಣ್ಣಿನ ಹೆಂಟೆಯಾದರೆ ನೀರೆರೆದು ನೆನೆಸಬೇಕು, ಮರವಾದರೆ ಸೀಳಬೇಕು ಎಂದು ಅವನು ಶಾಸ್ತ್ರವನ್ನು ಸ್ಮರಿಸಿಕೊಳ್ಳುತ್ತಾನೆ. ಅರಳಿದ ಕಮಲ, ಸೂರ್ಯ, ಬಾಲಚಂದ್ರ, ಸ್ವಸ್ತಿಕ, ಪೂರ್ಣಕುಂಭ ಮೊದಲಾದ ಏಳು ಆಕಾರಗಳಲ್ಲಿ ಯಾವುದನ್ನು ಕೊರೆಯಲೆಂದು ವಿಚಾರಮಾಡಿ, ಸುಟ್ಟ ಇಟ್ಟಿಗೆಗೆ ಪೂರ್ಣಕುಂಭವೇ ಶೋಭಿಸುವುದೆಂದು ನಿರ್ಧರಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುತ್ತಾನೆ. ಅದೇ ಯಜ್ಞೋಪವೀತವು, ಯಂತ್ರದಿಂದ ಭದ್ರಪಡಿಸಿದ ಕದವನ್ನು ತೆರೆಯುವುದಕ್ಕೂ ಉಪಯೋಗವಾಗುವುದೆಂದು ಅವನ ಬಾಯಲ್ಲಿ ಬರುವ ಮಾತಿನಿಂದ, ಕದಕ್ಕೆ ಯಂತ್ರವನ್ನಿಡುವ ಪದ್ಧತಿಯೂ, ಅದನ್ನು ಒಂದೆಳೆ ದಾರದಿಂದ ಸೋಲಿಸುವ ಪದ್ಧತಿಯೂ ಆಗಲೇ ಇದ್ದುವೆಂದು ತಿಳಿಯಬಹುದು. ಒಳಹೊಕ್ಕ ಮೇಲೆ ಹಳೆಯ ಕದವು ಕಿರುಗುಟ್ಟುವುದೆಂದು ಹೆದರಿ ಅದಕ್ಕೆ ನೀರು ಚಿಮುಕಿಸಿ, ಆ ನೀರು ನೆಲಕ್ಕೆ ಬಿದ್ದು ಸದ್ದಾದೀತೆಂದು ಪುನಃ ಹೆದರುವ ಅವನ ಎಚ್ಚರವನ್ನು ಓದಿದಾಗಲೆಲ್ಲ, ಕಿರುಗುಟ್ಟುವ ಕದಕ್ಕೆ ಎಣ್ಣೆ ಬಿಡಲೊಲ್ಲದಿದ್ದ ನಮ್ಮ ಅಜ್ಜಿಯ ವಿವೇಕ ನನಗೆ ನೆನಪಾಗುತ್ತದೆ.

ಕೌಟಿಲ್ಯನ ‘ಅರ್ಥಶಾಸ್ತ್ರ’ವು ಇದೇ ವಿಷಯವನ್ನು ಅಧಿಕಾರಿಯ ದೃಷ್ಟಿಯಿಂದ ನೋಡುತ್ತದೆ. ಮನೆ ಕಳವಾದಾಗ ಬಾಗಿಲಲ್ಲದ ಕಡೆಯಿಂದ ಪ್ರವೇಶವಾಗಿದೆಯೇ, ಕಿಟಕಿ ಮುರಿದಿದೆಯೇ, ಗೋಡೆ ಕೊರೆದಿದೆಯೇ, ಕೊರೆದುದು ಒಳಗಿನಿಂದಲೋ ಹೊರಗಿನಿಂದಲೋ ಎಂದು ಪರೀಕ್ಷಿಸಬೇಕೆಂದು ಅದರ ವಿಧಿ. ಮೌರ್ಯರ ನಾಡನ್ನು ಕಂಡ ಮೆಗಸ್ತನೀಸನಾದರೋ, ಭಾರತೀಯರು ಮನೆಗಳನ್ನು ಸಾಮಾನ್ಯವಾಗಿ ಕಾವಲಿಲ್ಲದೆಯೇ ಬಿಡುವರೆಂದೂ, ನಾಲ್ಕು ಲಕ್ಷ ಜನರಿದ್ದ ಚಂದ್ರಗುಪ್ತನ ಪಾಳೆಯದಲ್ಲಿ ದಿನವೊಂದಕ್ಕೆ ಇನ್ನೂರು ದ್ರಾಖ್ಮಗಳಿಗೆ ಮೀರಿದ ಕಳವು ವರದಿಯಾಗಲಿಲ್ಲವೆಂದೂ ಹೇಳಿದುದನ್ನು ಸ್ಟ್ರಾಬೋ ಬರೆದಿಟ್ಟಿದ್ದಾನೆ. ಈ ಎರಡು ಸಾಕ್ಷ್ಯಗಳಲ್ಲಿ ಪಂಡಿತರು ವಿರೋಧವನ್ನು ಕಾಣುವುದುಂಟು. ನನಗೆ ಅಷ್ಟೇನೂ ವಿರೋಧ ಕಾಣದು. ಕಾವಲುಗಾರನಿಲ್ಲದ ಮನೆಯಲ್ಲಿಯೂ ಜನರು ಇದ್ದಿರಬಹುದಲ್ಲವೆ?

ಗೋಡೆಯ ಕನ್ನವು ಪುರಾತನರ ಕಾಲಕ್ಕೇ ಮುಗಿದುಹೋಗಲಿಲ್ಲ. 1860ರ ಭಾರತೀಯ ದಂಡಸಂಹಿತೆಯ 445ನೆಯ ಕಲಮು ಮನೆಯೊಡೆಯುವ ಅಪರಾಧವನ್ನು ವಿವರಿಸುವಾಗ ಕೊಟ್ಟಿರುವ ಉದಾಹರಣೆಗಳಲ್ಲಿ ಮೊದಲನೆಯದೇ, ಮನೆಯ ಗೋಡೆಗೆ ರಂಧ್ರ ಕೊರೆದು ಅದರಲ್ಲಿ ಕೈ ತೂರಿಸಿದವನ ಪ್ರಸಂಗ. ಬಾಗಿಲಿನ ಸಂದಿಯಲ್ಲಿ ತಂತಿಯಿಟ್ಟು ಚಿಲಕ ಎತ್ತಿದವನು, ಯಜಮಾನನು ಕಳೆದುಕೊಂಡ ಬೀಗದ ಕೈ ಸಿಕ್ಕಿ ಅದರಿಂದ ಬಾಗಿಲು ತೆರೆದವನು, ಇವರೆಲ್ಲ ಆಮೇಲೆ ಬರುತ್ತಾರೆ. ಕಾಯಿದೆ ಬರೆದವರಿಗೆ ಈ ದೇಶದ ಮಣ್ಣುಗೋಡೆಗಳ ಪರಿಚಯ ಚೆನ್ನಾಗಿ ಆಗಿದ್ದಿತು.

ಹೀಗಿರುವಲ್ಲಿ ಬೀಗವು ಮೊದಲು ವಾಸಮಾಡಿದುದು ತಲೆಬಾಗಿಲಿನಲ್ಲಿ ಅಲ್ಲ. ಮನೆಯೊಳಗಣ ಪೆಟ್ಟಿಗೆಯಲ್ಲಿ, ಉಗ್ರಾಣದ ಬಾಗಿಲಿನಲ್ಲಿ, ದೇವರ ಒಡವೆಯ ಸಂದೂಕದಲ್ಲಿ. ಕಮ್ಮಾರರು ಮಾಡುತ್ತಿದ್ದ ಹಳೆಯ ಬೀಗಗಳಲ್ಲಿ ಬಹಳಷ್ಟು ಕೊಳವೆಯ ಆಕಾರದವು. ಅದರ ಸರಳಿಗೆ ಬಾಣದ ಮುಳ್ಳಿನಂತೆ ಅರಳಿ ನಿಲ್ಲುವ ಉಕ್ಕಿನ ಪಟ್ಟಿಗಳಿದ್ದು, ಕೊಳವೆಯೊಳಗೆ ನೂಕಿದಾಗ ಅವು ಮುದುಡಿ ಒಳಹೊಕ್ಕು ಮತ್ತೆ ಅರಳಿ ಹಿಡಿದುಕೊಳ್ಳುವುವು. ಕೈಯನ್ನು ಇನ್ನೊಂದು ತುದಿಯಿಂದ ತೂರಿಸಿ ಆ ಪಟ್ಟಿಗಳನ್ನು ಅದುಮಿದರೆ ಮಾತ್ರ ಸರಳು ಹೊರಬರುವುದು. ಇನ್ನು ಕೆಲವಕ್ಕೆ ತಿರುಪಿನ ಕೈ. ಅವುಗಳ ರಹಸ್ಯ ಘನವಾದುದಲ್ಲವಾದರೂ ಅಂದಿನ ಪ್ರಯೋಜನಕ್ಕೆ ಸಾಲುತ್ತಿತ್ತು. ಏಕೆಂದರೆ ಅವು ಕಾಯಬೇಕಾದುದು ಅಪರಿಚಿತನಾದ ಕನ್ನಗಳ್ಳನಿಂದ ಎಂಬುದಕ್ಕಿಂತ, ತುಂಬಿದ ಮನೆಯೊಳಗಿನ ಕೈಗಳಿಂದ ಎಂಬುದೇ ಹೆಚ್ಚು. ಗೃಹಿಣಿಯು ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದ ಕೈಗಳ ಗೊಂಚಲು, ಅತ್ತೆಯಿಂದ ಸೊಸೆಗೆ ಅದು ದಾಟಿಬರುವ ದಿನದ ಗಾಂಭೀರ್ಯ, ಇವು ಉಗ್ರಾಣದ ಬೀಗದ ಚರಿತ್ರೆಗೆ ಸೇರಿದುವು.

ಬೀಗವನ್ನು ತಲೆಬಾಗಿಲಿಗೆ ತಂದ ಕಾರಣಗಳು ಎರಡು. ಸುಟ್ಟ ಇಟ್ಟಿಗೆ, ಗಾರೆ, ಆಮೇಲೆ ಸಿಮೆಂಟು ಬಂದು ಗೋಡೆಗಳು ಗಟ್ಟಿಯಾದುವು. ಗೋಡೆಯಲ್ಲಿ ದಾರಿ ಕಾಣದ ಕಳ್ಳನು ಬಾಗಿಲಿಗೆ ಬಂದನು. ಅದಕ್ಕಿಂತ ದೊಡ್ಡದು ಎರಡನೆಯದು: ರೈಲೂ, ವರ್ಗಾವಣೆಯ ನೌಕರಿಯೂ, ನಗರದ ಬಾಡಿಗೆ ಮನೆಯೂ ಕೂಡುಕುಟುಂಬವನ್ನು ಬಿಡಿಸಿ, ಗಂಡ ಹೆಂಡತಿ ಎರಡು ಮಕ್ಕಳ ಮನೆಗಳನ್ನು ಮಾಡಿದುವು, ಆ ಮನೆಗಳು ಬೇಸಗೆಯ ರಜೆಗೆ ಬರಿದಾಗತೊಡಗಿದುವು. ಬಾಗಿಲ ಮೇಲುಚೌಕಟ್ಟಿನ ಕೊಂಡಿಗೆ ಸರಪಳಿಯ ಚಿಲಕ ಸಿಕ್ಕಿಸಿ, ಅದಕ್ಕೊಂದು ಬೀಗ ಜೋತುಬಿಟ್ಟು, ಎರಡು ಬಾರಿ ಜಗ್ಗಿ ನೋಡಿ, ಬೀದಿಯ ತಿರುವಿನಲ್ಲೊಮ್ಮೆ ಹಿಂದಿರುಗಿ ನೋಡುವ ಗೃಹಸ್ಥನು ಆ ಕಾಲದ ಸೃಷ್ಟಿ.

ಇದೇ ವೇಳೆಗೆ ಇಂಗ್ಲೆಂಡಿನಲ್ಲಿ ಬೀಗದ ವಿದ್ಯೆ ಬಹುದೂರ ನಡೆದಿದ್ದಿತು. ಬೀಗದೊಳಗೆ ಅಡ್ಡತಡೆಗಳನ್ನಿಟ್ಟು, ಅವುಗಳ ಆಕಾರಕ್ಕೆ ತಕ್ಕಂತೆ ಕೈಯನ್ನು ಕಚ್ಚು ಕಡಿಯುವುದು ಅಲ್ಲಿಯ ಪುರಾತನ ಕ್ರಮ. ತಡೆಗಳನ್ನು ತಪ್ಪಿಸಿಕೊಂಡು ಹೋಗುವ ಸಣಕಲು ಕೈಯೊಂದಿದ್ದರೆ ಅಂಥ ಬೀಗಗಳೆಲ್ಲ ಒಂದೇ. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬವನು ಲಿವರುಗಳನ್ನು ಹೊಸ ರೀತಿಯಲ್ಲಿ ಅಳವಡಿಸಿದನು: ಪ್ರತಿಯೊಂದು ಲಿವರನ್ನೂ ಅದರದರ ನಿಯತವಾದ ಎತ್ತರಕ್ಕೇ ಎತ್ತಬೇಕು, ಕಡಿಮೆಯಾದರೂ ತೆರೆಯದು, ಹೆಚ್ಚಾದರೂ ತೆರೆಯದು. ಇಂದಿಗೂ ನಮ್ಮ ಅಂಗಡಿಗಳಲ್ಲಿ ಐದು ಲಿವರಿನದೇ, ಏಳು ಲಿವರಿನದೇ ಎಂದು ಕೇಳುವುದು ಈ ತತ್ತ್ವವನ್ನೇ ಕುರಿತು. 1784ರಲ್ಲಿ ಜೋಸೆಫ್ ಬ್ರಾಮಾ ಬೇರೊಂದು ಬಗೆಯ ಬೀಗಕ್ಕೆ ಪೇಟೆಂಟು ಪಡೆದನು. ಅದನ್ನು ತೆರೆಯಬಲ್ಲ ಉಪಕರಣವನ್ನು ಮಾಡಿದವರಿಗೆ 200 ಗಿನಿಗಳ ಬಹುಮಾನವೆಂಬ ಫಲಕದೊಡನೆ ಅವನ ಬೀಗವು ಲಂಡನ್ನಿನ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ಆರು ದಶಕಗಳ ಕಾಲ ಅಜೇಯವಾಗಿ ಕುಳಿತಿದ್ದಿತು. ಪೋರ್ಟ್ಸ್‌ಮತ್ತಿನ ಹಡಗುಕಟ್ಟೆಯಲ್ಲಿ ಕಳ್ಳಕೈಗಳಿಂದ ಕಳವಾದ ಮೇಲೆ ಸರ್ಕಾರವು ಉತ್ತಮವಾದ ಬೀಗಕ್ಕೆ ಬಹುಮಾನ ಸಾರಲು, 1818ರಲ್ಲಿ ಜೆರಮಯಾ ಚಬ್ ಎಂಬವನು ತಂದ ಬೀಗವು ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುತ್ತದೆ. ಪರಕೀಯವಾದ ಕೈಯೊಂದು ಅದರಲ್ಲಿ ಆಡಿತೆಂದರೆ ಒಂದು ಲಿವರು ಮಿತಿಮೀರಿ ಮೇಲೆದ್ದು ಸಿಕ್ಕಿಕೊಳ್ಳುವುದು. ಆಮೇಲೆ ಯಜಮಾನನ ಸ್ವಂತ ಕೈಯೂ ಒಡನೆ ತೆರೆಯಲಾರದು. ನೀನಿಲ್ಲದಾಗ ಯಾರೋ ಬಂದಿದ್ದರೆಂದು ಬೀಗವೇ ಹೇಳಿದಂತಾಯಿತು. ಮನೆಯಲ್ಲಿ ಉಳಿದ ಮುದುಕಿಯು ಮಾಡುತ್ತಿದ್ದ ಕೆಲಸವನ್ನು ಹಿತ್ತಾಳೆಯ ತುಂಡೊಂದಕ್ಕೆ ಕಲಿಸಿದ ಆ ಬುದ್ಧಿಗೆ ನಾನು ತಲೆಬಾಗುತ್ತೇನೆ.

1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದವನು ಈ ಎರಡು ಕೀರ್ತಿಗಳನ್ನೂ ಮುರಿದನು. ಚಬ್ಬನ ಬೀಗ ಸುಮಾರು 25 ನಿಮಿಷಗಳಲ್ಲಿ ತೆರೆಯಿತು. ಬ್ರಾಮಾನದು ಮಧ್ಯಸ್ಥರ ಸಮಕ್ಷಮದಲ್ಲಿ 16 ದಿನಗಳಲ್ಲಿ ಹರಡಿದ 51 ಗಂಟೆಗಳ ಶ್ರಮಕ್ಕೆ ಸೋತಿತು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತಂತೆ. ಆದರೆ ನಡುರಾತ್ರಿ ಬಂದ ಕಳ್ಳನಿಗೆ 51 ಗಂಟೆಗಳ ಬಿಡುವು ಎಲ್ಲಿಯದು? ಬ್ರಾಮಾನ ಬೀಗವು ಸೋತಿತೆಂದು ಹೇಳಲು ನನ್ನ ಮನಸ್ಸು ಒಪ್ಪದು. ಅದಾದ ಮೇಲೆ ಅಮೆರಿಕದಲ್ಲಿ ಲೈನಸ್ ಯೇಲ್ ಎಂಬವನು, ಪ್ರಾಚೀನ ಈಜಿಪ್ಟಿನವರು ಮರದಲ್ಲಿ ಮಾಡುತ್ತಿದ್ದ ಗೂಟಗಳ ಬೀಗದ ತತ್ತ್ವವನ್ನೇ ಪುಟ್ಟ ಲೋಹದ ಉರುಳೆಯೊಳಗೆ ಅಡಗಿಸಿ, 1860ರ ದಶಕದಲ್ಲಿ, ಜೇಬಿಗೆ ಭಾರವಾಗದ ಚಪ್ಪಟೆ ಕೈಯ ಬೀಗವನ್ನು ಲೋಕಕ್ಕೆ ಕೊಟ್ಟನು.

ನಮ್ಮ ದೇಶದಲ್ಲಿ ಅಲಿಗಢ, ದಿಂಡಿಗಲ್ಲುಗಳ ಕಸಬುದಾರರು ಬೀಗಕ್ಕೆ ಹೆಸರಾದರು. ಆದರೆ ಕನ್ನಡಿಗರ ಮನೆಬಾಗಿಲಿಗೆ ಬಹುವಾಗಿ ಬಂದು ಸೇರಿದ ಬೀಗದ ಮೂಲವು ಮುಂಬಯಿ. ಆರ್ದೇಶಿರ್ ಗೋದ್ರೇಜ್ ಎಂಬ ಪಾರ್ಸಿ ತರುಣನು ವಕೀಲಿ ಕಲಿತು, ಮೊಕದ್ದಮೆಯೊಂದರ ಸಲುವಾಗಿ ಜಂಜಿಬಾರಿಗೆ ಹೋದಾಗ, ಸತ್ಯವೆಂದು ತನಗೆ ತೋರದುದನ್ನು ವಾದಿಸಲೊಲ್ಲದೆ ಆ ವೃತ್ತಿಯನ್ನೇ ತೊರೆದನು. ಮುಂಬಯಿಗೆ ಮರಳಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮಾಡಿದನು. ಅವು ಭಾರತದಲ್ಲಿ ತಯಾರಾದುವೆಂದು ಮುದ್ರೆಯೊತ್ತಬೇಕೆಂದು ಅವನೂ, ಒತ್ತಿದರೆ ಮಾರಾಟವಾಗದೆಂದು ಕೊಳ್ಳುವವರೂ ಹಟ ಹಿಡಿದುದರಿಂದ ಆ ಉದ್ಯಮವೂ ನಿಂತಿತು. ಆಗ ನಗರದಲ್ಲಿ ಮನೆಗಳ್ಳತನ ಹೆಚ್ಚಿದೆಯೆಂದೂ, ಜನರು ತಮ್ಮ ಮನೆ ಕಚೇರಿಗಳನ್ನು ಇನ್ನಷ್ಟು ಭದ್ರಪಡಿಸಿಕೊಳ್ಳಬೇಕೆಂದೂ ಪತ್ರಿಕೆಯಲ್ಲಿ ಬಂದ ವಾರ್ತೆಯೊಂದು ಅವನ ಕಣ್ಣಿಗೆ ಬಿತ್ತು. 1897ರಲ್ಲಿ ಲಾಲ್‌ಬಾಗಿನ ಒಂದು ಪುಟ್ಟ ಕೊಟ್ಟಡಿಯಲ್ಲಿ ಕೆಲವೇ ಮಂದಿ ಕೆಲಸಗಾರರೊಡನೆ ಬೀಗ ಮಾಡತೊಡಗಿದನು. ಲಿವರುಗಳನ್ನು ಒತ್ತಿಹಿಡಿಯುವ ಸ್ಪ್ರಿಂಗುಗಳು ಕಾಲಕ್ರಮದಲ್ಲಿ ಸೋತು ಮುರಿಯುವುದನ್ನು ಕಂಡು ಸ್ಪ್ರಿಂಗಿಲ್ಲದ ಬೀಗವನ್ನೇ ನಿರ್ಮಿಸಿದನು. ಎರಡು ವೃತ್ತಿಗಳಲ್ಲಿ ಸುಳ್ಳಿಗೆ ಒಪ್ಪದವನು ಮೂರನೆಯದಾಗಿ ಬೀಗಕ್ಕೆ ಕೈಹಾಕಿದುದು ಸಹಜವೆಂದೇ ನನಗೆ ತೋರುತ್ತದೆ. ಹೊರಗೆ ಹೊಳಪೂ ಒಳಗೆ ಟೊಳ್ಳೂ ಆದ ಬೀಗದಷ್ಟು ದೊಡ್ಡ ಸುಳ್ಳು ಮನೆಬಳಕೆಯ ವಸ್ತುಗಳಲ್ಲಿ ಇನ್ನೊಂದಿಲ್ಲ.

ಬೀಗವು ಉತ್ತಮವಾದ ಮಾತ್ರಕ್ಕೆ ಬಾಗಿಲು ಭದ್ರವಾಗಲಿಲ್ಲವೆಂಬುದನ್ನು ಜನರು ನಷ್ಟಪಟ್ಟು ಕಲಿತರು. ನಾನು ಬಾಡಿಗೆಗಿದ್ದ ಮನೆಯೊಂದರಲ್ಲಿ, ಏಳು ಲಿವರಿನ ಬೀಗವನ್ನು ಬೆಲೆಕೊಟ್ಟು ತಂದು ಹಾಕಿ ಊರಿಗೆ ಹೋಗಿ ಬಂದಾಗ, ಬೀಗವು ಮುಚ್ಚಿದುದು ಮುಚ್ಚಿದಂತೆಯೇ ಜಗಲಿಯ ಮೇಲೆ ಬಿದ್ದಿದ್ದಿತು. ಕಳ್ಳನು ಅದನ್ನು ಮುಟ್ಟಿರಲೂ ಇಲ್ಲ. ಅರ್ಧ ಅಂಗುಲದ ನಾಲ್ಕು ತಿರುಪುಮೊಳೆಗಳಿಂದ ನಿಂತಿದ್ದ ಚಿಲಕವನ್ನು ಹಾರೆಯಿಂದ ಮೀಟಿ ಕಿತ್ತಿದ್ದನು. ಹೋದುದು ಹೆಂಡತಿಯ ಎರಡು ಬೆಳ್ಳಿಯ ಲೋಟಗಳೂ ಒಂದು ಗಡಿಯಾರವೂ. ಆದರೆ ತೆರೆದ ಆ ಬಾಗಿಲನ್ನು ಬೀದಿಯಿಂದಲೇ ಕಂಡ ಕ್ಷಣದ ತಳಮಳವನ್ನು ನಾನು ಇಂದಿಗೂ ಮರೆತಿಲ್ಲ. ರಿಪೇರಿಗೆ ಬಂದ ಬಡಗಿಯು, “ಬೀಗಕ್ಕೆ ಹಾಕಿದ ದುಡ್ಡಲ್ಲಿ ಅರ್ಧ ಚೌಕಟ್ಟಿಗೆ ಹಾಕಬೇಕಿತ್ತು, ಸ್ವಾಮಿ” ಎಂದನು. ಅವನು ಹಳೆಯ ಚಿಲಕವನ್ನು ತೆಗೆದು, ಕದದ ದಪ್ಪದೊಳಕ್ಕೇ ಗೂಡು ಕೊರೆದು ಬೀಗವನ್ನು ಹುದುಗಿಸಿ, ಅದರ ನಾಲಗೆಯು ಹೋಗಿ ಕೂರುವ ಕಡೆ ಚೌಕಟ್ಟಿಗೆ ಉಕ್ಕಿನ ಪಟ್ಟಿಯನ್ನು ಮೂರಂಗುಲದ ತಿರುಪುಗಳಿಂದ ಬಿಗಿದನು. ಕೆಲಸ ಮುಗಿದ ಮೇಲೆ ಬೀದಿಯಲ್ಲಿ ನಿಂತು ನೋಡಿದೆ. ಜೋತುಬಿದ್ದ ಬೀಗವು ‘ಇಲ್ಲಿ ಯಾರೂ ಇಲ್ಲ’ ಎಂದು ದಾರಿಹೋಕರಿಗೆಲ್ಲ ಸಾರುತ್ತಿದ್ದಿತು; ಒಳಗೆ ಹುದುಗಿದ ಬೀಗವು ಆ ಗುಟ್ಟನ್ನು ಬಿಟ್ಟುಕೊಡುತ್ತಿರಲಿಲ್ಲ. ಮನೆಯಲ್ಲಿ ಜನವಿರುವರೋ ಇಲ್ಲವೋ ಹೊರಗಿನವರಿಗೆ ತಿಳಿಯದು. ಗೋಡೆಯಲ್ಲಿ ಮಲಗಿದ ಅಗುಳಿಯೂ ಹಾಗೆಯೇ ಹೊರಗಿನ ಕಣ್ಣಿಗೆ ಬೀಳದಂತೆ ಇರುತ್ತಿದ್ದಿತಲ್ಲವೆ?

ತಾತನ ಮನೆಯಲ್ಲಿ ಈಗ ಯಾರೂ ಇಲ್ಲ. ಕಳೆದ ಬಾರಿ ಹೋದಾಗ ತಲೆಬಾಗಿಲಿಗೂ ಅದೇ ಬಗೆಯ ಬೀಗವನ್ನು ಹಾಕಿಸಿದೆವು. ಬಡಗಿಯು ನೂರು ವರ್ಷದ ಹಲಸಿನ ಕದವನ್ನು ಕೊರೆಯುವಾಗ ಹಳದಿಯ ಪುಡಿ ಹೊಸ್ತಿಲ ಮೇಲೆಲ್ಲ ಉದುರಿತು. ಹೊರಡುವ ಮುನ್ನ ಕುತೂಹಲಕ್ಕೆಂದು ಗೋಡೆಯ ಬಳೆಯನ್ನು ಹಿಡಿದೆಳೆದೆ. ಅಗುಳಿ ಸ್ವಲ್ಪ ತಡೆದು, ಅನಂತರ ಅದೇ ಹಳೆಯ ಸದ್ದಿನೊಡನೆ ಬಂದು ಎದುರುಗೋಡೆಯನ್ನು ಮುಟ್ಟಿತು. ಅದನ್ನು ಹಾಕಿಟ್ಟು ಬರುವುದು ಸಾಧ್ಯವಿರಲಿಲ್ಲ. ಹಾಕುವವನು ಒಳಗೇ ಉಳಿಯಬೇಕು. ಮತ್ತೆ ಗೋಡೆಯೊಳಕ್ಕೆ ನೂಕಿ, ಹೊರಗೆ ಬಂದು, ಬೀಗದ ಕೈಯನ್ನು ಎರಡು ಸುತ್ತು ತಿರುಗಿಸಿದೆ.